ಫೆಲಿಸ್ತಾ ತಿದ್ದಿಕೊಂಡ ವರದಿ

ಕೀನ್ಯಾದ ಬುಂಗೊಮಾದಲ್ಲಿ ವಕೀಲರಿಗೂ ಸಮಾಜ ಕಾರ್ಯಕರ್ತರಿಗೂ ಒಟ್ಟಿಗೆ ನಡೆಯುವ ತರಬೇತಿಯಲ್ಲಿ ಊಟದ ನಂತರದ ಹೊತ್ತು ಯಾವಾಗಲೂ ಫೆಲಿಸ್ತಾ ನಮಾಲ್ವಾಳ ಪಾಲಿಗೆ ಬರುತ್ತಿತ್ತು. ಬೆಳಗಿನ ಹೊತ್ತು ನೈರೋಬಿಯಿಂದ ಬಂದವರದು. ಸಂಜೆ ಪ್ರಮಾಣಪತ್ರ ಹಂಚುತ್ತಾರೆ, ಆಗ ಯಾರು ಮಾತಾಡಿದರೂ ಜನ ಕೂತಿರುತ್ತಾರೆ. ನಡುವಿನ ಹೊತ್ತಿನಲ್ಲಿ ಎಲ್ಲರ ಹೊಟ್ಟೆಯಲ್ಲೂ ಉಗಾಲಿ ಎಂಬ ಜೋಳದ ಮುದ್ದೆಯೂ ಕೋಳಿಯೂ ಭಾರವಾಗಿ ಕೂತಿರುತ್ತವೆ, ಹಿಂದಿನ ಸಾಲಿನ ತಲೆಗಳು ಒಂದೊಂದಾಗಿ ವಾಲುತ್ತವೆ. ವಕೀಲರಿಗೆ ವರ್ಷಕ್ಕೆ ಇಂತಿಷ್ಟು ತರಬೇತಿ ಅಂಕ ಸೇರದಿದ್ದರೆ ಮುಂದಿನ ವರ್ಷ ವಕೀಲಿ ನಡೆಸುವ ಪರವಾನಗಿ ಸಿಗುವುದಿಲ್ಲ. ಆದ್ದರಿಂದ ಬರುತ್ತಾರೆ, ಸಹಿ ಹಾಕುತ್ತಾರೆ, ಜಗಲಿಗೆ ಹೋಗಿ ಫೋನಿನಲ್ಲಿ ಮಾತಾಡುತ್ತಾರೆ. ಫೆಲಿಸ್ತಾ ಇದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಮಲಗಿದವರ ನಿದ್ದೆ ಕೆಡದಂತೆ, ಎಚ್ಚರವಿದ್ದವರಿಗೆ ಸ್ಪಷ್ಟವಾಗಿ ಕೇಳುವಂತೆ ಅವಳು ತನ್ನ ಪಾಠ ಮುಗಿಸುತ್ತಿದ್ದಳು.

ಅವಳು ಪ್ರೊಬೇಷನ್ ಅಧಿಕಾರಿ. ಆರೋಪಿಯ ಮನೆಗೆ ಹೋಗುವುದು, ನೆರೆಯವರನ್ನು, ಮೇಷ್ಟರನ್ನು, ಪಾದ್ರಿಯನ್ನು ಕೇಳುವುದು, ಅವನು ಎಂಥವನು, ಅವನನ್ನು ಎಲ್ಲಿಟ್ಟರೆ ಸರಿ ಎಂದು ಕೋರ್ಟಿಗೆ ವರದಿ ಕೊಡುವುದು ಅವಳ ಕೆಲಸ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಬೇರೆ ಕೆಲಸ ಸಿಗದೆ ಇದಕ್ಕೆ ಸೇರಿದವಳು, ಇಲ್ಲೇ ತಲೆ ನರೆಯಿತು. ವರದಿ ಬರೆಯುವಾಗ ಕಂಡದ್ದು ಒಂದು ಕಡೆ, ಕೇಳಿದ್ದು ಒಂದು ಕಡೆ, ಊಹಿಸಿದ್ದು ಮತ್ತೊಂದು ಕಡೆ ಇರಬೇಕು ಎಂಬುದು ಅವಳ ನಿಯಮ. ತರಬೇತಿಯಲ್ಲಿ ಅವಳು ಕಲಿಸುತ್ತಿದ್ದುದೂ ಮುಖ್ಯವಾಗಿ ಇಷ್ಟೇ.

2023ರ ಮಾರ್ಚಿನಲ್ಲಿ ಈ ನಿಯಮವನ್ನು ಅವಳೇ ಮುರಿದಳು.

ಪ್ರೊಟಸ್ ಎಂಬ ಹುಡುಗ ಮೋಟರ್ ಸೈಕಲ್ಲಿನ ಬ್ಯಾಟರಿ ಕದ್ದು ಸಿಕ್ಕಿಬಿದ್ದಿದ್ದ. ತಂದೆ ಊರು ಬಿಟ್ಟು ಹೋಗಿದ್ದ, ತಾಯಿ ತೀರಿಕೊಂಡಿದ್ದಳು, ಚಿಕ್ಕಪ್ಪನ ಮನೆಯಲ್ಲಿದ್ದ. ಜನನ ಪತ್ರ ಇರಲಿಲ್ಲ. ಹದಿನೆಂಟು ತುಂಬದವರನ್ನು ವಿಚಾರಣೆ ಮುಗಿಯುವವರೆಗೆ ಬಾಲಮಂದಿರದಲ್ಲಿ ಇಡಬೇಕು, ದೊಡ್ಡವರ ಜೈಲಿಗೆ ಹಾಕಬಾರದು ಎಂಬುದು ಕಾನೂನು. ಶಾಲೆಯ ಮೇಷ್ಟರು ಹದಿನಾರಿರಬಹುದು ಎಂದಿದ್ದರು. ವೈದ್ಯರು ಹಲ್ಲು ನೋಡಿ, ಮಣಿಕಟ್ಟಿನ ಎಕ್ಸ್‌ರೇ ನೋಡಿ, ಹದಿನಾರರಿಂದ ಹತ್ತೊಂಬತ್ತರ ನಡುವೆ ಎಂದು ಬರೆದರು. ಮೂಳೆ ಅದಕ್ಕಿಂತ ಹೆಚ್ಚು ಖಚಿತವಾಗಿ ಹೇಳಲಾರದು. ಫೆಲಿಸ್ತಾ ಹದಿನಾರು ಎಂದು ವರದಿ ಕೊಟ್ಟು ಬಾಲಮಂದಿರಕ್ಕೆ ಶಿಫಾರಸು ಮಾಡಿದಳು.

ಮ್ಯಾಜಿಸ್ಟ್ರೇಟರು ಅದನ್ನು ಓದಿ, "ನಿನ್ನ ವಯಸ್ಸೆಷ್ಟಪ್ಪ?" ಎಂದು ಕೇಳಿದರು.

ಕಟಕಟೆಯಲ್ಲಿದ್ದ ಹುಡುಗ ನೆಟ್ಟಗೆ ನಿಂತು, "ಹತ್ತೊಂಬತ್ತು" ಎಂದ.

"ಸ್ಕೂಲಲ್ಲಿ ಹದಿನಾರು ಅಂತಾರಲ್ಲ?"

"ನಾನು ಸ್ಕೂಲಿಗೆ ಸೇರಿದ್ದೇ ತಡ. ಹತ್ತೊಂಬತ್ತು ಅಂತ ಬರ್ಕೊಳ್ಳಿ."

ತನಗೆ ತಾನೇ ವಯಸ್ಸು ಏರಿಸಿಕೊಂಡು ಜೈಲಿಗೆ ಹೋಗುವವರು ಅಪರೂಪ. ಮ್ಯಾಜಿಸ್ಟ್ರೇಟರು ಮುಂದಿನ ಮಂಗಳವಾರ ವಯಸ್ಸು ತೀರ್ಮಾನಿಸುವುದಾಗಿ ಹೇಳಿ, ಅಲ್ಲಿಯವರೆಗೆ ಅವನ ಮಾತನ್ನೇ ಹಿಡಿದು ದೊಡ್ಡವರ ಜೈಲಿಗೆ ಕಳಿಸಿದರು. ಮಂಗಳವಾರವೂ ಅವನು ಹತ್ತೊಂಬತ್ತೇ ಆದರೆ ಮುಂದಿನ ವಿಚಾರಣೆ, ಶಿಕ್ಷೆ ಎಲ್ಲ ದೊಡ್ಡವರ ಲೆಕ್ಕದಲ್ಲೇ ನಡೆಯುತ್ತದೆ.

ಫೆಲಿಸ್ತಾ ಮರುದಿನ ಜೈಲಿಗೆ ಹೋಗಿ ಅವನನ್ನು ಕಂಡಳು.

"ಹತ್ತೊಂಬತ್ತು ಅನ್ನು ಅಂತ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲಮ್ಮ."

"ಪೊಲೀಸ್ರು ಹೆದರಿಸಿದ್ರಾ?"

ಅವನು ಕಾಲಬೆರಳಿನಿಂದ ನೆಲ ಕೆರೆಯುತ್ತ ನಿಂತ.

"ಇಲ್ಲಿ ರಾತ್ರಿ ಯಾರ ಜತೆ ಮಲಗ್ತೀಯ?"

"ಗಂಡಸ್ರ ಜತೆ" ಎಂದ. ಹೇಳುವಾಗ ಅವನ ಗದ್ದ ಸ್ವಲ್ಪ ಮೇಲೆದ್ದಿತು. ಅದನ್ನು ಅವಳು ನೋಡಿದಳು, ಆದರೆ ಅದರ ಅರ್ಥ ಹುಡುಕಲಿಲ್ಲ. ಮಕ್ಕಳ ಮೊಕದ್ದಮೆಯಲ್ಲಿ ಓಡಾಟ ಹೆಚ್ಚೆಂದು ಪೊಲೀಸರು ಕೆಲವೊಮ್ಮೆ ವಯಸ್ಸು ಏರಿಸುತ್ತಾರೆ ಎಂದು ಅವಳೇ ಅನೇಕ ಸಲ ಪಾಠದಲ್ಲಿ ಹೇಳಿದ್ದಳು. ಆ ಪಾಠಕ್ಕೆ ಈ ಮೌನ ಸರಿಯಾಗಿ ಹೊಂದಿಕೊಂಡಿತು. ಕಚೇರಿಗೆ ಬಂದು ಹೆಚ್ಚುವರಿ ವರದಿ ಬರೆದಳು: ಪೊಲೀಸರ ಒತ್ತಡದಿಂದ ಹುಡುಗ ಸುಳ್ಳು ವಯಸ್ಸು ಹೇಳಿದ್ದಾನೆ. ಅದನ್ನು 'ಕಂಡದ್ದು' ಎಂಬ ತಲೆಬರಹದ ಕೆಳಗೆ ಬರೆದಳು. ಆ ದಿನವೇ ಕೋರ್ಟಿಗೆ ಕಳಿಸಿದಳು.

ಶನಿವಾರ ತರಬೇತಿ ಇತ್ತು. ಊಟದ ನಂತರ ಅವಳು ಇದೇ ಮೊಕದ್ದಮೆಯನ್ನು ಹೆಸರು ಹೇಳದೆ ಸಭೆಯ ಮುಂದಿಟ್ಟಳು. ಬ್ಯಾಟರಿ, ಎಕ್ಸ್‌ರೇ, ಹತ್ತೊಂಬತ್ತು ಎಂಬ ಉತ್ತರ, ಪೊಲೀಸರ ಒತ್ತಡ. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ವಕೀಲ ವಬೊಂಬಾ ನಗತೊಡಗಿದ. ಮೂವತ್ತು ವರ್ಷದಿಂದ ಅದೇ ಕೋರ್ಟಿನಲ್ಲಿ ವಕೀಲಿ ಮಾಡಿದ ದಪ್ಪ ಮನುಷ್ಯ.

"ಎದ್ರಾ ವಕೀಲ್ರೇ? ಏನು ತಮಾಷೆ?" ಎಂದಳು ಫೆಲಿಸ್ತಾ.

"ಮಲಗಿರಲಿಲ್ಲ ತಾಯಿ, ಕಣ್ಣಿಗೆ ರೆಸ್ಟು ಕೊಡ್ತಿದ್ದೆ. ಹುಡುಗ ನಮ್ಮ ಬುಕುಸು ಜನವೇ?"

"ಹೌದು."

"ಹೋದ ಆಗಸ್ಟಲ್ಲಿ ಕತ್ತಿ ಕಂಡವನಾ?"

ಬುಕುಸು ಹುಡುಗರಿಗೆ ಎರಡು ವರ್ಷಕ್ಕೊಮ್ಮೆ, ಆಗಸ್ಟಿನಲ್ಲಿ, ಸುನ್ನತಿ. ಊರೆಲ್ಲ ನೋಡುತ್ತಿರುವಾಗ ಕಣ್ಣು ಮಿಟುಕಿಸದೆ ನಿಂತವನು ಅಂದಿನಿಂದ ಗಂಡಸು.

"ಹೌದು" ಎಂದಳು ಫೆಲಿಸ್ತಾ. ಹೇಳುತ್ತಿರುವಾಗಲೇ ಅವಳ ದನಿ ಸಣ್ಣದಾಯಿತು.

"ನೀವು ಹುಟ್ಟಿದ್ದು ಕಿಮಿಲಿಲಿ, ಮದುವೆಯಾಗಿ ಬಂದದ್ದು ಚ್ವೇಲೆ, ಎರಡೂ ನಮ್ಮ ಬುಕುಸು ಊರೇ. ನಾನು ಹೇಳ್ಬೇಕಾ ನಿಮಗೆ? ಬಾಲಮಂದಿರದಲ್ಲಿ ಕತ್ತಿ ಕಾಣದ ಹುಡುಗರ ತಟ್ಟೇಲಿ ಕೈ ಹಾಕಿ ಉಣ್ಣಬೇಕು. ಅದಕ್ಕಿಂತ ಜೈಲೇ ಮೇಲು ಅಂದಿದಾನೆ ನಿಮ್ಮ ಹುಡುಗ. ಪೊಲೀಸ್ರಿಗೂ ಇದಕ್ಕೂ ಏನು ಸಂಬಂಧ?"

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು, ಮಲಗಿದವರೂ ಎದ್ದರು. ಆಗ ಕಿಟಕಿಯ ಪಕ್ಕದಿಂದ ಅಪೊಂಡಿ ಎದ್ದು ನಿಂತಳು. ಲುವೊ ಜನಾಂಗದ ಹೆಂಗಸು, ಬಾಲಮಂದಿರದ ಮೇಲ್ವಿಚಾರಕಿ. ಅವಳ ಜನರಲ್ಲಿ ಈ ಪದ್ಧತಿ ಇಲ್ಲ.

"ಅಂದ್ರೆ ನನ್ನ ಹುಡುಗ್ರು ಹೊಲಸಾ ವಕೀಲ್ರೇ? ನನ್ನ ಗಂಡನೂ ಕತ್ತಿ ಕಂಡಿಲ್ಲ. ಅವರ ಜತೆ ಹೋದ ತಿಂಗಳು ನೀವು ಮೀನು ಊಟ ಮಾಡಿದ್ರಿ, ಎರಡು ಸಲ ಹಾಕಿಸ್ಕೊಂಡ್ರಿ."

"ಮೀನು ಚೆನ್ನಾಗಿತ್ತಲ್ಲ ತಾಯಿ. ನಾನು ಮುದುಕ, ನನಗೇನು? ಅವನ ಗಾಯ ಒಣಗಿ ಇನ್ನೂ ಒಂದು ವರ್ಷ ಆಗಿಲ್ಲ."

"ಬೇರೆ ತಟ್ಟೆ ಕೊಟ್ರಾಯ್ತು" ಎಂದು ಯಾರೋ ಹೇಳಿದರು.

"ಕೊಡಲ್ಲ" ಎಂದಳು ಅಪೊಂಡಿ. "ಇವತ್ತು ಬೇರೆ ತಟ್ಟೆ, ನಾಳೆ ಬೇರೆ ಕೋಣೆ, ನಾಡಿದ್ದು ಚಿಕ್ಕ ಹುಡುಗ್ರಿಗೆ ಒದೆ. ನಾನು ನೋಡಿದೀನಿ. ಎಲ್ಲಾರೂ ಒಂದೇ ಅಂತ ಬೆಳಿಗ್ಗೆ ನೈರೋಬಿಯೋರು ಪಾಠ ಮಾಡಿದ್ದು ಮರೆತ್ರಾ?"

ನೈರೋಬಿಯಿಂದ ಬಂದಿದ್ದ ತರಬೇತುಗಾರ್ತಿ ಕಗೆಂಡೊ ಗಡಿಯಾರ ನೋಡಿ, ಈ ಚರ್ಚೆಯನ್ನು ಚಹಾದ ಹೊತ್ತಿಗೆ ಇಟ್ಟುಕೊಳ್ಳಬಹುದೆಂದಳು. ಚಹಾದ ಹೊತ್ತಿಗೆ ಚರ್ಚೆ ಜೋರಾಗಿಯೇ ನಡೆಯಿತು, ಫೆಲಿಸ್ತಾ ಮಾತ್ರ ಅದರಲ್ಲಿ ಸೇರಲಿಲ್ಲ. ನಾಲ್ಕೈದು ವರ್ಷದ ಹಿಂದೆ ಅವಳ ದೊಡ್ಡ ಮಗ ಆಗಸ್ಟು ಮುಗಿಸಿ ಬಂದವನು ತಮ್ಮನ ತಟ್ಟೆ ಮುಟ್ಟದೆ ಕೂತಿದ್ದ. ಅವಳು ನಕ್ಕು ಬೇರೆ ತಟ್ಟೆ ತೊಳೆದು ಕೊಟ್ಟಿದ್ದಳು. ಮನೆಯಲ್ಲಿ ತಿಳಿದಿದ್ದುದನ್ನು ಕಚೇರಿಗೆ ತರಬೇಕೆಂದು ಅವಳಿಗೆ ಹೊಳೆದಿರಲಿಲ್ಲ.

ವಬೊಂಬಾ ಮಂಡಾಜಿ ಎಂಬ ಕರಿದ ಬನ್ನು ಮುರಿಯುತ್ತ ಅವಳ ಬಳಿ ಬಂದ. "ಸಿಟ್ಟಾದ್ರಾ ತಾಯಿ?"

"ಇಲ್ಲ. ಮಾಡದ ತಪ್ಪನ್ನ ಪೊಲೀಸ್ರ ಮೇಲೆ ಹಾಕಿ ಕೋರ್ಟಿಗೆ ಬರೆದುಕೊಟ್ಟಿದೀನಿ. ಅದನ್ನ ಹೇಗೆ ವಾಪಸ್ ತಗೊಳ್ಳೋದು ಅಂತ ಯೋಚಿಸ್ತಿದೀನಿ."

"ಅದು ಹಾಗಿರ್ಲಿ. ಬಾಲಮಂದಿರ ಬೇಡ, ಸಂಬಂಧಿಕರ ಸುಪರ್ದಿಗೆ ಕೊಡಿ ಅಂತ ಕೇಳಿ. ಹುಡುಗನಿಗೆ ಹೋಗಿ, ನಿಜ ಹೇಳಿದ್ರೆ ಮನೆಗೆ ಹೋಗ್ತೀಯ ಅನ್ನಿ. ಸಂಜೆಯೊಳಗೆ ಹದಿನಾರಾಗ್ತಾನೆ."

"ಹಾಗೆ ಹೇಳಿದ್ರೆ ಅವನ ಮಾತು ನಾನು ಕೊಟ್ಟ ಆಸೆಯ ಮಾತಾಗುತ್ತೆ. ಆಗ ಹದಿನಾರೂ ಸುಳ್ಳೇ, ಹತ್ತೊಂಬತ್ತೂ ಸುಳ್ಳೇ. ವಯಸ್ಸು ಗೊತ್ತಿರೋರು ಬೇರೆ ಯಾರಾದ್ರೂ ಬೇಕು."

"ಸೋದರಮಾವ ಇಲ್ವಾ?" ಎಂದ ವಬೊಂಬಾ.

ಚಿಕ್ಕಪ್ಪನನ್ನು, ಮೇಷ್ಟರನ್ನು, ನೆರೆಯವರನ್ನು ಕೇಳಿದ್ದಳು. ತಾಯಿಯ ತವರಿಗೆ ಹೋಗಿರಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ಮೋಟರ್ ಸೈಕಲ್ಲಿನ ಹಿಂದೆ ಕೂತು ಎಲ್ಗಾನ್ ಬೆಟ್ಟದ ಬುಡದ ಹಳ್ಳಿಗೆ ಹೋದಳು. ಹುಡುಗನ ಸೋದರಮಾವ ಸಿತಾತಿ ಈರುಳ್ಳಿ ಪಾತಿಯಲ್ಲಿ ಕಳೆ ಕೀಳುತ್ತಿದ್ದ. ವಿಷಯ ಕೇಳಿ ಕೈ ಒರೆಸಿಕೊಂಡು ಬದುವಿನ ಮೇಲೆ ಕೂತ.

"ಜೈಲಲ್ಲಿದಾನೆ ಅಂತ ಅವನ ಚಿಕ್ಕಪ್ಪ ಒಂದು ಮಾತು ಹೇಳಿ ಕಳಿಸ್ಲಿಲ್ಲ. ಇರ್ಲಿ. ಈಗ ನಾನು ಬಂದು ಏನನ್ಬೇಕು? ಇವನಿನ್ನೂ ಚಿಕ್ಕ ಮಗು ಅಂತಲಾ? ಸೋದರಮಾವ ಮಾಡ್ಬೇಕಾದ ಹಾಗೆ ನನ್ನ ಹೋರಿ ಕಡಿದು ಅವನ ಕೊರಳಿಗೆ ಮಾಂಸ ಹಾಕಿ ಕತ್ತಿಗೆ ಕಳಿಸಿದೋನು ನಾನು. ಅವನು ಕಣ್ಣು ಮಿಟುಕಿಸ್ಲಿಲ್ಲ. ಕೋರ್ಟಲ್ಲಿ ಅವನು ಹೇಳಿದ್ದು ನನಗೇನೂ ತಪ್ಪು ಅನ್ನಿಸಲ್ಲ."

"ಮಗು ಅಂತ ಹೇಳಿ ಅಂತ ನಾನು ಕೇಳ್ತಿಲ್ಲ. ನಿಮ್ಮ ತಂಗಿ ಹೆತ್ತದ್ದು ಯಾವಾಗ? ಅಷ್ಟು ಹೇಳಿದ್ರೆ ಸಾಕು."

"ಅಷ್ಟೇನಾ?"

"ಅಷ್ಟೇ. ಅವನನ್ನ ಮನೇಲಿ ಇಟ್ಕೊಳ್ತೀರಾ ಅಂತ ಕೋರ್ಟು ಕೇಳಬಹುದು. ಅದು ನಿಮ್ಮಿಷ್ಟ."

"ಬ್ಯಾಟರಿ ಕದ್ದಿದ್ದು ನಿಜವಾ?"

"ಕದ್ದೆ ಅಂತ ಒಪ್ಕೊಂಡಿದಾನೆ."

ಸಿತಾತಿ ಎದ್ದು ಪಾತಿಗೆ ಇಳಿದ. "ಗಂಡಸಾದ ಮೇಲೆ ಮಾಡಿದ ಮೊದಲ ಕೆಲಸ" ಎಂದು ಗೊಣಗಿ ಮತ್ತೆ ಕಳೆಗೆ ಬಗ್ಗಿದ. ಬರುತ್ತೇನೆಂದಾಗಲಿ, ಬರುವುದಿಲ್ಲವೆಂದಾಗಲಿ ಹೇಳಲಿಲ್ಲ.

ಮಂಗಳವಾರ ಕೋರ್ಟು ಶುರುವಾಗುವಾಗ ಸಿತಾತಿ ಹಿಂದಿನ ಬೆಂಚಿನಲ್ಲಿದ್ದ, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು. ಫೆಲಿಸ್ತಾ ಮೊದಲು ತನ್ನ ಕೆಲಸ ಮುಗಿಸಿದಳು. ಪೊಲೀಸರ ಬಗ್ಗೆ ಬರೆದದ್ದು ತನ್ನ ಊಹೆ, ಅದಕ್ಕೆ ಆಧಾರವಿಲ್ಲ, ಅದನ್ನು ಕಂಡದ್ದೆಂದು ಬರೆದದ್ದು ತಪ್ಪು, ಹಿಂತೆಗೆದುಕೊಳ್ಳಲು ಅನುಮತಿ ಬೇಕು ಎಂದಳು. ಬಾಲಮಂದಿರದ ಶಿಫಾರಸನ್ನೂ ಬದಲಿಸಿ, ಸೋದರಮಾವ ಒಪ್ಪಿದರೆ ಅವನ ಸುಪರ್ದಿಗೆ ಕೊಡಬಹುದೆಂದಳು. ಸರ್ಕಾರಿ ವಕೀಲ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ. ಮ್ಯಾಜಿಸ್ಟ್ರೇಟರು ಬರೆದುಕೊಂಡರು.

ನಂತರ ಸಿತಾತಿಯನ್ನು ಕರೆದರು.

"2006ರ ಆಗಸ್ಟಲ್ಲಿ ನನ್ನ ತಮ್ಮನಿಗೆ ಕತ್ತಿ ಆಯ್ತು. ತಂಗಿ ಹೆರಿಗೆಗೆ ತವರಿಗೆ ಬಂದಿದ್ಲು. ತಮ್ಮನ ಮೆರವಣಿಗೇಲಿ ಕುಣಿಯಕ್ಕಾಗಲ್ಲ ಅಂತ ಹೊಟ್ಟೆ ಹಿಡ್ಕೊಂಡು ಜಗಲೀಲಿ ಕೂತು ಅತ್ಲು. ಕ್ರಿಸ್ಮಸ್ ಮುಂಚೆ ಇವನು ಹುಟ್ಟಿದ."

"ತಮ್ಮನಿಗೆ ಆದದ್ದು 2006ರಲ್ಲೇ ಅಂತ ಹೇಗೆ ಹೇಳ್ತೀರಿ? ಒಂದು ವರ್ಷ ಹಿಂದೆ ಮುಂದೆ ಇರಬಹುದಲ್ಲ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಅವರು ದೂರದ ಮೊಂಬಾಸಾ ಕಡೆಯವರು, ಇಲ್ಲಿನ ಪದ್ಧತಿ ತಿಳಿಯದವರು.

"ಸ್ವಾಮಿ, ಕತ್ತಿ ಎರಡು ವರ್ಷಕ್ಕೊಂದ್ಸಲ, ಒಂದು ವರ್ಷ ತಪ್ಪಕ್ಕೆ ಬರಲ್ಲ. ತಪ್ಪಿದ್ರೆ ಎರಡು ವರ್ಷ ತಪ್ಪಬೇಕು. ಎರಡು ವರ್ಷ ತಮ್ಮನ ವಿಷಯದಲ್ಲಿ ನಾನು ತಪ್ಪಿದ್ರೆ ಅವನು ನನ್ನ ಮನೆಗೆ ಬರೋದು ಬಿಡ್ತಾನೆ."

ಮ್ಯಾಜಿಸ್ಟ್ರೇಟರು ಕಟಕಟೆಯ ಕಡೆ ತಿರುಗಿದರು. "ಕೇಳಿದ್ಯಾ? ಈಗ ನಿನ್ನ ವಯಸ್ಸೆಷ್ಟು?"

ಪ್ರೊಟಸ್ ಮಾವನ ಕಡೆ ನೋಡಿದ. ಸಿತಾತಿ ಅವನ ಕಡೆ ನೋಡಲಿಲ್ಲ, ಕೋಟಿನ ಗುಂಡಿ ನೋಡುತ್ತ ನಿಂತಿದ್ದ. ಫೆಲಿಸ್ತಾ ಪೆನ್ನು ಕೆಳಗಿಟ್ಟಳು. ಅವನು ಮತ್ತೆ ಹತ್ತೊಂಬತ್ತು ಎಂದರೆ ಮಾವನನ್ನು ಊರೆದುರು ಸುಳ್ಳುಗಾರನನ್ನಾಗಿ ಮಾಡಿದಂತೆ. ಹದಿನಾರು ಎಂದರೆ ಬಾಲಮಂದಿರ ತಪ್ಪುತ್ತದೆಂದು ಅವನಿಗೆ ನೆಚ್ಚಿಕೆ ಇರಲಿಲ್ಲ. ಶಿಫಾರಸು ಬದಲಾದದ್ದನ್ನು ಕೇಳಿದ್ದ, ಆದರೆ ಮಾವ ಒಪ್ಪುತ್ತೇನೆಂದು ಇನ್ನೂ ಹೇಳಿರಲಿಲ್ಲ.

"ಮಾವ ಹೇಳಿದ್ದು ಸರಿ" ಎಂದ ಹುಡುಗ. ಸ್ವಲ್ಪ ತಡೆದು, "ಹದಿನಾರು" ಎಂದ.

"ಮತ್ತೆ ಹೋದ ವಾರ ಹತ್ತೊಂಬತ್ತು ಅಂದ್ಯಲ್ಲ, ಯಾಕೆ?"

ಅವನು ಮತ್ತೆ ಮಾವನ ಕಡೆ ನೋಡಿದ. ಮ್ಯಾಜಿಸ್ಟ್ರೇಟರು ಅದನ್ನು ಅಲ್ಲಿಗೇ ಬಿಟ್ಟು ಸಿತಾತಿಯನ್ನು ಕೇಳಿದರು: "ಮೊಕದ್ದಮೆ ಮುಗಿಯೋವರೆಗೆ ಇವನನ್ನ ಮನೇಲಿ ಇಟ್ಕೊಳ್ತೀರಾ?"

"ಇವನಿಗೆ ಕೋರ್ಟು ಏನು ಶಿಕ್ಷೆ ಕೊಡುತ್ತೋ ಕೊಡಲಿ. ನನ್ನ ಹೊಲದಲ್ಲಿ ಈರುಳ್ಳಿ ಕೀಳೋದಿದೆ. ಕರ್ಕೊಂಡು ಹೋಗ್ತೀನಿ."

ಆದೇಶವಾಯಿತು: ಫೆಲಿಸ್ತಾಳ ಮೇಲ್ವಿಚಾರಣೆಯಲ್ಲಿ ಸೋದರಮಾವನ ಸುಪರ್ದಿಗೆ. ಸರ್ಕಾರಿ ವಕೀಲನ ನಗುವಿನ ನೆನಪು ಅವಳಿಗೆ ಇನ್ನು ಕೆಲವು ದಿನ ಇರುವುದೆಂದು ಗೊತ್ತಿತ್ತು. ಅದನ್ನು ತನ್ನ ತಪ್ಪಿನ ಬೆಲೆಯೆಂದು ಒಪ್ಪಿಕೊಂಡಳು.

ಹೊರಗೆ ಅಪೊಂಡಿ ಬೇರೊಬ್ಬ ಹುಡುಗನ ಮೊಕದ್ದಮೆಗೆ ಬಂದು ಕಾಯುತ್ತಿದ್ದಳು.

"ಮನೆಗೆ ಹೋದ್ನಂತಲ್ಲ ನಿನ್ನ ಗಂಡಸು" ಎಂದಳು. "ಸಂತೋಷ. ಇವನಿಗೇನೋ ಸೋದರಮಾವ ಇದ್ದ. ಯಾರೂ ಇಲ್ಲದೋನು ನಾಳೆ ಬಂದ್ರೆ?"

"ಗೊತ್ತಿಲ್ಲ."

"ನಾನಂತೂ ಎರಡು ತಟ್ಟೆ ಇಡಲ್ಲ ಫೆಲಿಸ್ತಾ."

"ಇಡ್ಬೇಡ. ಆದ್ರೆ ಅಂಥೋನು ಬಂದಾಗ ಅವನು ಜೈಲಿಗೆ ಹೋಗೋಕೆ ಮುಂಚೆ ನನಗೊಂದು ಫೋನು ಮಾಡು. ಇಬ್ರೂ ಕೂತು ಯೋಚಿಸೋಣ."

"ಊಟದ ನಂತರ ಬೇಡ ಮಾರಾಯ್ತಿ" ಎಂದು ಅಪೊಂಡಿ ಒಳಗೆ ಹೋದಳು.

ಸಿತಾತಿ ಮೆಟ್ಟಿಲಿಳಿದು ಬಂದ, ಹಿಂದೆ ಎರಡು ಹೆಜ್ಜೆ ದೂರದಲ್ಲಿ ಪ್ರೊಟಸ್. ಕೋರ್ಟಿನಲ್ಲಿ ನೆಟ್ಟಗಿದ್ದ ಹುಡುಗ ಈಗ ಬಗ್ಗಿ ನಡೆಯುತ್ತಿದ್ದ. ದಾರಿಯುದ್ದಕ್ಕೂ ಬ್ಯಾಟರಿಯ ಮಾತು ಬರುತ್ತದೆಂದು ಅವನಿಗೆ ಗೊತ್ತಿತ್ತು.

"ಇವನನ್ನ ನಿಮ್ಮ ಆಫೀಸಿಗೆ ಯಾವತ್ತು ಕರ್ಕೊಂಡು ಬರ್ಬೇಕಮ್ಮ?" ಎಂದು ಸಿತಾತಿ ಕೇಳಿದ.

"ತಿಂಗಳ ಮೊದಲ ಸೋಮವಾರ. ನೀವು ಜತೆಗೆ ಬರೋದೇನೂ ಬೇಡ" ಎಂದು ಫೆಲಿಸ್ತಾ ಹುಡುಗನ ಕಡೆ ತಿರುಗಿದಳು. "ಒಬ್ನೇ ಬರ್ತೀಯಲ್ಲ?"

"ಬರ್ತೀನಮ್ಮ" ಎಂದ ಪ್ರೊಟಸ್, ಮಾವ ಬಾಯಿ ತೆರೆಯುವ ಮೊದಲೇ.