ಮೊಳೆ ಆಯ್ದ ಮೈದಾನ

ಇವತ್ತು ಬೆಳಿಗ್ಗೆ ಬಸ್ಸಿಳಿದಾಗ ಗ್ರೀಸಿನ ವಾಸನೆ ಬಂತು. ನಮ್ಮ ಮೈದಾನದಲ್ಲಿ ಮತ್ತೆ ಜೈಂಟ್ ವೀಲ್ ನಿಲ್ಲಿಸುತ್ತಿದ್ದರು.

ಚಿಕ್ಕವರಿದ್ದಾಗ, ಎಕ್ಸಿಬಿಷನ್‌ನವರು ಡೇರೆ ಕಿತ್ತು ಹೋದ ಮೇಲೆ ನಾವು ಮೊದಲು ಅಲ್ಲಿ ಮೊಳೆ ಆಯುತ್ತಿದ್ದೆವು. ಹಾಳಾದ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ, ನೆಲದ ಮೇಲೆ ಎಳೆಯುತ್ತಾ ಸಾಲಾಗಿ ನಡೆಯುತ್ತಿದ್ದೆವು. ಆಮೇಲೆ ಖೋಖೋ. ಒಂದು ವರ್ಷ, ನಮ್ಮ ಕೈತಪ್ಪಿ ಉಳಿದಿದ್ದ ಮೊಳೆಯೊಂದು ಅಕ್ಕನ ಹಿಮ್ಮಡಿಗೆ ಹೊಕ್ಕಿತು. ಮರುದಿನ ಜಿಲ್ಲಾ ತಂಡದ ಆಯ್ಕೆ ಇತ್ತು.

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಿಂದ ಆಗಷ್ಟೇ ಬಂದಿದ್ದ ಅಮ್ಮ ಗಾಯಕ್ಕೆ ಅರಿಶಿನ ಒತ್ತುತ್ತಾ ಬೈದಳು. "ಎಕ್ಸಿಬಿಷನ್ ಗ್ರೌಂಡಲ್ಲಿ ಬರಿಗಾಲಲ್ಲಿ ಯಾಕೆ ಓಡಿದ್ಯೇ?"

"ಬೋರ್ಡಲ್ಲಿ ಆಟದ ಮೈದಾನ ಅಂತಿದೆ ಕಣಮ್ಮ."

"ಹಾಗಾದ್ರೆ ಬೋರ್ಡ್ ಓದ್ಕೊಂಡು ಕೂತ್ಕೋ."

ಅಕ್ಕ ಆಯ್ಕೆಗೆ ಹೋಗಲಿಲ್ಲ. ಮತ್ತೆ ಖೋಖೋ ಆಡಲೂ ಇಲ್ಲ.

ಮೈದಾನ ಮಕ್ಕಳದ್ದು, ಅದನ್ನು ಬಾಡಿಗೆಗೆ ಕೊಡುವ ಹಕ್ಕು ಯಾರಿಗೂ ಇಲ್ಲ ಎಂದು ಅರ್ಜಿ ಬರೆದು ಇವತ್ತು ಮಧ್ಯಾಹ್ನ ವಾರ್ಡ್ ಆಫೀಸಿಗೆ ಕೊಟ್ಟೆ. ಗುಮಾಸ್ತರು ಎರಡು ಸಲ ಓದಿದರು.

"ಆಟದ ಮೈದಾನ ಅಂದ್ರೆ ಯಾವ್ದು ಮೇಡಂ? ನಮ್ ವಾರ್ಡಲ್ಲಿ ಇದ್ಯಾ?"

ಹೇಳಲೇಬೇಕಾಯಿತು. "ಎಕ್ಸಿಬಿಷನ್ ಗ್ರೌಂಡ್ ಸಾರ್."