ಒಂಬತ್ತು ಮೊಳದ ಮಿನಾರು

ಸಣ್ಣವನಿದ್ದಾಗ ನನಗೆ ಜ್ವರ ಬಿಡದೆ ಕಾಡಿತ್ತಂತೆ. ವಿಭೂತಿ ಹಚ್ಚದೆ ನೀರೂ ಕುಡಿಯದ ನಮ್ಮವ್ವ ಊರ ಮಸೀದಿಗೆ ಹರಕೆ ಹೊತ್ತಳು. ಹಾಗಾಗಿ ಐದು ವರ್ಷ ಮೊಹರಮ್ಮಿನಲ್ಲಿ ನಾನು ಫಕೀರ. ಬಲಗೈಗೆ ಕೆಂಪು ದಾರದ ಲಾಡಿ ಕಟ್ಟಿಸಿಕೊಂಡು ಮನೆಮನೆ ತಿರುಗಿ ಜೋಳ ಬೇಡಬೇಕು. ಲಾಡಿ ಕಟ್ಟುತ್ತಿದ್ದವನು ಊರ ಗವಂಡಿ. ನಮ್ಮ ಬಸವಣ್ಣನ ಗುಡಿಯ ಶಿಖರಕ್ಕೆ ಗಾರೆ ಹಿಡಿದವನೂ ಅವನೇ. ನನಗವನು ಕಾಕಾ. ನಾನು ದೊಡ್ಡವನಾದ ಮೇಲೂ ಅವನ ಬಾಯಲ್ಲಿ "ಏ ಫಕೀರಾ" ಆಗಿಯೇ ಉಳಿದೆ.

ದೇಶಕ್ಕೆ ಸಂವಿಧಾನ ಬಂದ ಎರಡು ಮೂರು ವರ್ಷಕ್ಕೆ, ಮುರಗೋಡದ ಹತ್ತಿರದ ನಮ್ಮೂರ ಪಂಚಾಯತಿಗೆ ನಾನು ಮೆಂಬರನಾದೆ. ಆಗಲೇ ಕಾಕಾ, ಮಸೀದಿಗೆ ಎರಡು ಮಿನಾರು ಏರಿಸುತ್ತೇನೆಂದು ಅರ್ಜಿ ಕೊಟ್ಟ. ಅವನ ಕಣ್ಣಿಗೆ ಪೊರೆ ಬರುತ್ತಿತ್ತು. ಪೂರಾ ಮಂಜಾಗುವುದರೊಳಗೆ ಕಟ್ಟಿ ಮುಗಿಸುವ ಆಸೆ.

"ಗುಡಿಗಿಂತ ಎತ್ತರ ಆಗಬಾರದು," ಎಂದರು ಅಧ್ಯಕ್ಷರು. ಅವರು ಊರ ಗೌಡರು, ನನ್ನ ದೊಡ್ಡಪ್ಪ.

"ಕಾಯ್ದೆದಾಗ ಎಲ್ಲಾರೂ ಸರಿಸಮ ಅಂತ ಬರದಾರಲ್ರಿ," ಎಂದ ಕಾಕಾ.

"ಸರಿಸಮ ಅಂದಮ್ಯಾಲ ನಮ್ಮ ತಲಿಮ್ಯಾಲ ಯಾಕ ಏರತೀಪಾ?" ಮೆಂಬರೊಬ್ಬರು ಚುಚ್ಚಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಗುಡಿ ಎಷ್ಟು ಎತ್ತರವೆಂದು ನಮಗಾರಿಗೂ ಗೊತ್ತಿರಲಿಲ್ಲ. ಕಡೆಗೆ ಅವನನ್ನೇ ಕೇಳಿದೆವು. ನಾಲ್ಕು ಮೊಳ ಜಾಸ್ತಿ ಹೇಳಿದ್ದರೂ ನಂಬುತ್ತಿದ್ದೆವು.

"ಕಳಸ ಬಿಟ್ಟು ಹದಿನೆಂಟು ಮೊಳ ಐತ್ರಿ. ನಾನ ಅಳದೇನಿ."

"ಹಂಗಾರ ನಿಂದು ಒಂಬತ್ತು ಸಾಕು."

"ಒಂಬತ್ತಕ್ಕ ಅದು ಮಿನಾರ ಆಗೂದಿಲ್ರಿ ಗೌಡ್ರ, ದನಾ ಕಟ್ಟೂ ಗೂಟ ಆಗತೈತಿ."

ಒಪ್ಪಿದವರು ಕೈ ಎತ್ತಿರಿ ಎಂದರು ದೊಡ್ಡಪ್ಪ. ಕಾಕಾ ನನ್ನ ಕಡೆ ನೋಡಿದ. ನನ್ನನ್ನು ಯಾರೂ ಹೆದರಿಸಿರಲಿಲ್ಲ. ದೊಡ್ಡಪ್ಪನ ಮುಖ ಕೆಡಬಾರದು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಲಾಡಿ ಕಟ್ಟಿಸಿಕೊಂಡ ಕೈಯನ್ನೇ ಎತ್ತಿದೆ.

ಮಿನಾರುಗಳು ಒಂಬತ್ತು ಮೊಳಕ್ಕೆ ನಿಂತವು. ಕಾಕಾ ತುದಿಗೆ ಗುಮ್ಮಟ ಕೂರಿಸಲಿಲ್ಲ, ಚಪ್ಪಡಿ ಹಾಸಿ ಮುಚ್ಚಿದ.

ಮುಂದಿನ ಮೊಹರಮ್ಮಿಗೆ ನಮ್ಮವ್ವ ಮಸೀದಿಯಲ್ಲಿ ಫಾತೆಹಾ ಓದಿಸಲು ಸಕ್ಕರೆ ಕಟ್ಟಿ, "ಈ ಸಲ ನೀನ ಒಯ್ದು ಕೊಡು," ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಕಾಕಾ ಮಸೀದಿಯ ಕಟ್ಟೆಯ ಮೇಲೆ ಕುಳಿತಿದ್ದ. ಹತ್ತಿರ ಹೋಗುವವರೆಗೆ ಅವನಿಗೆ ನನ್ನ ಗುರುತು ಹತ್ತಲಿಲ್ಲ. ಹತ್ತಿದ ಮೇಲೆ ಎದ್ದು ನಿಂತು, ಹೆಗಲ ಮೇಲಿನ ವಸ್ತ್ರದಿಂದ ಕಟ್ಟೆ ಒರೆಸಿದ.

"ಬರ್ರಿ ಮೆಂಬರ್ರ, ಕುಂದರ್ರಿ."

ನನಗೆ ಕೂರಲಾಗಲಿಲ್ಲ. ಸಕ್ಕರೆ ಅಲ್ಲಿಟ್ಟು ಬಂದೆ.