ಅರ್ಧ ಬಿಚ್ಚಿದ ಪಟ್ಟಿ

ಮನೆಮನೆಗೆ ಹೋಗಿ ಗಾಯ ಕಟ್ಟುವ ಕೆಲಸಕ್ಕೆ ಸೇರಿ ನರ್ಸಮ್ಮನಿಗೆ ಹದಿನೆಂಟು ವರ್ಷ. ಒಳಗೆ ಕಾಲಿಡುವ ಮುನ್ನ ಕಚೇರಿಗೆ ಫೋನು, ಕೂರುವುದು ಬಾಗಿಲಿಗೆ ಹತ್ತಿರ. ಇದು ಅವಳಿಗೆ ಉಸಿರಾಟದಷ್ಟೇ ರೂಢಿ. ಮೂರನೇ ಮಹಡಿಯ ಹೊಲಿಗೆ ಅಜ್ಜಿಗೆ ಅದೇ ತಮಾಷೆ. "ಏನೇ, ಓಡೋಕೆ ತಯಾರಾಗೇ ಬರ್ತೀಯಲ್ಲ, ನನ್ನ ಕಾಲು ಅಷ್ಟು ನಾರುತ್ತಾ?"

ಸಕ್ಕರೆ ಕಾಯಿಲೆಯ ಅಜ್ಜಿಗೆ ಪಾದದ ಹುಣ್ಣು ಏಳು ತಿಂಗಳಾದರೂ ಮಾಗಿರಲಿಲ್ಲ. ಮಂಗಳವಾರ, ಶುಕ್ರವಾರ ಹನ್ನೊಂದಕ್ಕೆ ನರ್ಸಮ್ಮ ಪಟ್ಟಿ ಬಿಚ್ಚಲು ಕೂತರೆ, ಅಜ್ಜಿ ಅವಳ ಸಮವಸ್ತ್ರದ ಸಡಿಲ ಗುಂಡಿ ಹುಡುಕಿ ಬಿಗಿಯುತ್ತಿದ್ದಳು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡ ನರ್ಸಮ್ಮನಿಗೆ ಆ ಅರ್ಧ ಗಂಟೆಯೇ ತವರು.

ಅಜ್ಜಿಯ ಮಗಳು ತೀರಿಕೊಂಡ ಮೇಲೂ ಅಳಿಯ ಅಲ್ಲೇ ಬೀಡುಬಿಟ್ಟಿದ್ದ. ಒಂದು ಶುಕ್ರವಾರ ನರ್ಸಮ್ಮ ಪಟ್ಟಿ ಬಿಚ್ಚುತ್ತಿದ್ದಾಗ ಕುಡಿದು ಬಂದವನೇ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ.

"ನೋವಿನ ಇಂಜೆಕ್ಷನ್ ಇಟ್ಟಿರ್ತೀಯಲ್ಲ, ಕೊಡು. ಆಮೇಲೆ ಹೋಗು."

ನರ್ಸಮ್ಮ ವಾದಕ್ಕಿಳಿಯಲಿಲ್ಲ. "ಅದು ಕೆಳಗೆ ಗಾಡೀಲಿದೆ ಅಣ್ಣ. ಬನ್ನಿ, ಕೊಡ್ತೀನಿ."

ಅವನು ಬೀಗ ತೆಗೆದದ್ದೇ ತಡ, ಚೀಲವನ್ನೂ ಅಜ್ಜಿಯ ಅರ್ಧ ಬಿಚ್ಚಿದ ಪಟ್ಟಿಯನ್ನೂ ಹಾಗೇ ಬಿಟ್ಟು ಮೆಟ್ಟಿಲಿಳಿದಳು. ತೂರಾಡುತ್ತಿದ್ದವನು ಮೊದಲ ತಿರುವಿನಲ್ಲೇ ಹಿಂದುಳಿದ. ಎದುರಿನ ಔಷಧಿ ಅಂಗಡಿಗೆ ನುಗ್ಗಿ ಕಚೇರಿಗೆ ಫೋನು ಮಾಡಿದಳು. ಪೊಲೀಸರು ಬಂದು ಅವನನ್ನು ಎಳೆದೊಯ್ದರು. ಸಂಜೆಯೊಳಗೆ ಅಜ್ಜಿಯನ್ನು ಅವಳ ತಂಗಿ ತನ್ನೂರಿಗೆ ಕರೆದುಕೊಂಡು ಹೋದಳು.

ಮಂಗಳವಾರ ಹನ್ನೊಂದಾದರೆ ನರ್ಸಮ್ಮನ ಕಾಲು ತಾನಾಗಿ ಆ ಓಣಿಯತ್ತ ತಿರುಗುತ್ತಿತ್ತು. "ನಾನೇನೋ ಪಾರಾದೆ. ಅಜ್ಜೀನ ಅವನ ಕೈಗೆ ಬಿಟ್ಟು ಬಂದ್ನಲ್ಲ" ಎಂದು ಗಂಡನೆದುರು ಹಲುಬುತ್ತಿದ್ದಳು. "ನೀನು ಓಡಿದ್ದಕ್ಕೇ ಅಲ್ವೇನೇ ಪೊಲೀಸರು ಬಂದಿದ್ದು?" ಎನ್ನುತ್ತಿದ್ದ ಅವನು. ಮಾತು ಕಿವಿಗೆ ಬೀಳುತ್ತಿತ್ತು, ಎದೆಗಿಳಿಯುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಮೇಲ್ವಿಚಾರಕಿ ಕರೆದು ಹೇಳಿದಳು: "ಆ ಊರಿನ ನರ್ಸ್ ಫೋನ್ ಮಾಡಿದ್ರು. ನಿನ್ನ ಅಜ್ಜಿ ಹುಣ್ಣು ಮಾಗಿದೆಯಂತೆ."

"ನನ್ನನ್ನ ಕೇಳಿದ್ರಂತಾ?"

"ಕೇಳದೆ ಏನು? ನಿನ್ನ ಹೆಜ್ಜೆ ಸದ್ದು ಕೆಳಗೆ ಮುಟ್ಟೋವರೆಗೂ ಉಸಿರು ಬಿಗಿಹಿಡಿದು ಕೂತಿದ್ರಂತೆ. ಸದ್ಯ, ಹುಡುಗಿ ಪಾರಾದ್ಲು ಅಂತ ಆಮೇಲೇ ಅತ್ತಿದ್ದಂತೆ."

ನಲವತ್ತೈದರ 'ಹುಡುಗಿ' ಉಗ್ರಾಣಕ್ಕೆ ಹೋಗಿ ಹತ್ತಿಯ ಡಬ್ಬಗಳ ನಡುವೆ ಮನದಣಿಯೆ ಅತ್ತಳು. ಎದೆಯ ಭಾರವೇನೋ ಇಳಿಯಿತು, ಅಜ್ಜಿಯನ್ನು ನೋಡುವ ಆಸೆ ಮಾತ್ರ ಹೆಚ್ಚಾಯಿತು. ಹುಣ್ಣು ಮಾಗಿದ ಮೇಲೆ ಅಜ್ಜಿಗೆ ಯಾವ ನರ್ಸೂ ಬೇಕಿಲ್ಲ. ಆ ಭಾನುವಾರ ಬಸ್ ನಿಲ್ದಾಣಕ್ಕೆ ಹೋಗಿ, ಆ ಊರಿಗೆ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿಯೂ ಬಂದಳು. ಹತ್ತುವುದಾದರೂ ಹೇಗೆ? ಊರು ಗೊತ್ತು, ಮನೆ ಗೊತ್ತಿಲ್ಲ; ರೋಗಿಗಳ ವಿಳಾಸ ಕಚೇರಿಯವರು ಯಾರಿಗೂ ಕೊಡುವಂತಿಲ್ಲ. ಮೇಲ್ವಿಚಾರಕಿಯನ್ನು ಕೇಳುವುದಕ್ಕೆ ಅವಳಿಗೆ ಬಾಯಿಯೂ ಬರಲಿಲ್ಲ.